ಹಿರಿಯರ ಫೋಟೋ: ಹರಿದದ್ದನ್ನು ಕೂಡಿಸಿ, ಮುಖ ಬದಲಿಸಬೇಡಿ

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಇಂಡಿ, ಸಿಂದಗಿ ಭಾಗದ ನದಿದಂಡೆಯ ಮನೆಗಳಿಗೆ ನೀರು ನುಗ್ಗಿತು. ಅಂಥ ನೀರಿನಲ್ಲಿ ಕಾಳುಕಡಿಯ ಜೊತೆ ಗೋಡೆಯ ಫೋಟೋಗಳೂ ಹಾಳಾಗುತ್ತವೆ. ಇತ್ತ ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆ ಆಲಮಟ್ಟಿ, ನಾರಾಯಣಪುರ ಅಣೆಕಟ್ಟುಗಳ ಹಿನ್ನೀರಿಗೆ ಊರು ಬಿಟ್ಟು ಬಂದ ಎಷ್ಟೋ ಮನೆತನಗಳಿಗೆ ಹಳೆಯ ಮನೆಯ ಕಟ್ಟೆ, ತಲೆಬಾಗಿಲು ಕಾಣಸಿಗುವುದು ಇಂಥ ಒಂದೆರಡು ಫೋಟೋಗಳಲ್ಲಿ ಮಾತ್ರ. ಇವನ್ನು ಕಂಪ್ಯೂಟರಿನಲ್ಲಿ ಸರಿಪಡಿಸಬಹುದು. ಆದರೆ ಅರ್ಧ ಕೆಲಸ ಅದಕ್ಕೂ ಮೊದಲೇ ಇದೆ.

ಕಪ್ಪು-ಬಿಳುಪು ಫೋಟೋದ ಚಿತ್ರವೆಂದರೆ ಜೆಲಟಿನ್ ಪದರದಲ್ಲಿ ಕುಳಿತ ಬೆಳ್ಳಿಯ ಕಣಗಳು. ತೇವ ತಾಗಿದರೆ ಜೆಲಟಿನ್ ಉಬ್ಬಿ ಕಟ್ಟಿನ ಗಾಜಿಗೆ ಅಂಟುತ್ತದೆ. ಕಿತ್ತರೆ ಮುಖವೇ ಗಾಜಿನ ಮೇಲೆ ಉಳಿದೀತು. ಅಂಟಿದ್ದನ್ನು ಗಾಜಿನ ಸಮೇತವೇ ಸ್ಕ್ಯಾನ್ ಮಾಡಿ. 600 ಡಿಪಿಐ ಸಾಕು, ಪಾಸ್‌ಪೋರ್ಟ್ ಅಳತೆಯದಾದರೆ 1200. ಟಿಫ್ ಫೈಲಾಗಿ ಇಟ್ಟುಕೊಳ್ಳಿ. ಜೆಪೆಗ್ ಆದರೆ ತಿದ್ದಿ ಉಳಿಸಿದ ಪ್ರತಿ ಸಲವೂ ಸ್ವಲ್ಪ ಸವೆಯುತ್ತದೆ.

ಕಪ್ಪು-ಬಿಳುಪು ಫೋಟೋವನ್ನೂ ಕಲರ್ ಮೋಡ್‌ನಲ್ಲೇ ಸ್ಕ್ಯಾನ್ ಮಾಡಬೇಕು. ನೀರಿನ ಹಳದಿ-ಕಂದು ಕಲೆ ನೀಲಿ ಬೆಳಕನ್ನು ಹೀರುತ್ತದೆ, ಕೆಂಪನ್ನು ಹೆಚ್ಚಾಗಿ ತಡೆಯುವುದಿಲ್ಲ. ಹಾಗಾಗಿ ನೀಲಿ ಬೆಳಕನ್ನಷ್ಟೇ ತೋರುವ ಬ್ಲೂ ಚಾನೆಲ್‌ನಲ್ಲಿ ಕಪ್ಪಗೆ ಕಾಣುವ ಕಲೆ ಕೆಂಪನ್ನಷ್ಟೇ ತೋರುವ ರೆಡ್ ಚಾನೆಲ್‌ನಲ್ಲಿ ತೀರಾ ತೆಳುವಾಗಿರುತ್ತದೆ. ಫೋಟೋಶಾಪ್ ಇರಲಿ, ಪುಕ್ಕಟೆ ಸಿಗುವ ಗಿಂಪ್ ಇರಲಿ, ರೆಡ್ ಚಾನೆಲ್ ಒಂದನ್ನೇ ಇಟ್ಟುಕೊಂಡು ಮುಂದುವರಿದರೆ ಬಹಳಷ್ಟು ದುಡಿಮೆ ಉಳಿಯುತ್ತದೆ.

ಮೂಲದ ಮೇಲೆ ಹೊಸ ಲೇಯರ್ ತೆರೆದು ಅಲ್ಲೇ ತಿದ್ದಿ. ಹೀಲಿಂಗ್ ಬ್ರಷ್ ನೀವು ತೋರಿಸಿದ ಜಾಗದ ಮೇಲ್ಮೈಯನ್ನು ತಂದು, ಅದರ ಬೆಳಕು-ನೆರಳನ್ನು ಸುತ್ತಲಿನದಕ್ಕೆ ಹೊಂದಿಸುತ್ತದೆ. ಗೀರು, ಚುಕ್ಕೆಗಳಿಗೆ ಅದೇ ಸರಿ. ಪಟಕಾದ ಅಂಚಿನಂಥ ಕಡೆ ಅದು ಪಕ್ಕದ ಬಣ್ಣವನ್ನು ಬಳಿದುಬಿಡುತ್ತದೆ. ಅಲ್ಲಿ ಇದ್ದದ್ದನ್ನು ಇದ್ದಂತೆ ನಕಲಿಸುವ ಕ್ಲೋನ್ ಸ್ಟ್ಯಾಂಪ್ ಬೇಕು.

ಮುಖ ಬಂದಾಗ ಕೈ ತಡೆಯಿರಿ. ಒಂದೇ ಒತ್ತಿಗೆ ಮುಖ ಸ್ಪಷ್ಟಗೊಳಿಸುವ ಎಐ ಆ್ಯಪ್‌ಗಳು ಅಳಿದ ಕಣ್ಣನ್ನು ಹುಡುಕಿ ಕೊಡುವುದಿಲ್ಲ; ಸಾವಿರಾರು ಬೇರೆ ಮುಖಗಳಿಂದ ಕಲಿತದ್ದನ್ನು ಊಹಿಸಿ ಬರೆಯುತ್ತವೆ. ಹಣೆಯ ವಿಭೂತಿ ಪಟ್ಟೆಗಳನ್ನು ಗೀರೆಂದು, ಹಚ್ಚೆಯನ್ನು ಕಲೆಯೆಂದು ಅಳಿಸಿಹಾಕಬಹುದು. ಅಜ್ಜಿ ಚೆಂದ ಕಂಡಾಳು, ಆದರೆ ನಮ್ಮ ಅಜ್ಜಿ ಆಗಿರಲಾರಳು. ಕಣ್ಣು ಪೂರ್ತಿ ಹೋಗಿದ್ದರೆ ಅವರದೇ ಬೇರೆ ಫೋಟೋ ಹುಡುಕಿ, ಸಿಗದಿದ್ದರೆ ಹಾಗೇ ಬಿಡಿ. ಬಣ್ಣ ತುಂಬುವುದಾದರೆ ಇಳಕಲ್ ಸೀರೆಯ ಸೆರಗು ಹೇಗಿತ್ತೆಂದು ಮನೆಯ ಹಿರಿಯರನ್ನೇ ಕೇಳಿ. ಹಿಂದಿನ ಗೋಡೆ, ಕಟ್ಟೆಯನ್ನು ಒರೆಸಿ ಸ್ಟುಡಿಯೋ ಪರದೆ ಹಾಕಿಸಬೇಡಿ.

ಹೊಸ ಪ್ರತಿಗೆ ಕಟ್ಟು ಹಾಕಿಸುವಾಗ ಗಾಜಿಗೂ ಫೋಟೋಕ್ಕೂ ನಡುವೆ ಸುತ್ತಲೂ ದಪ್ಪ ರಟ್ಟಿನ ಅಂಚು ಕೊಡಲು ಹೇಳಿ. ಎರಡರ ನಡುವೆ ಗಾಳಿಗೆ ಜಾಗವಿದ್ದರೆ ಮುಂದಿನ ಮಳೆಗಾಲದ ತೇವಕ್ಕೆ ಫೋಟೋ ಗಾಜಿಗೆ ಅಂಟುವುದಿಲ್ಲ.