ತೆಲುಗು ಓದುವ ಮಗುವಿಗೆ ಕನ್ನಡದ ಕಥೆ ಪುಸ್ತಕ

ಹೈದರಾಬಾದಿನ ಎಷ್ಟೋ ಕನ್ನಡ ಮನೆಗಳಲ್ಲಿ ಮಕ್ಕಳು ಕನ್ನಡವನ್ನು ಚೆನ್ನಾಗಿಯೇ ಮಾತಾಡುತ್ತಾರೆ, ಓದಲು ಮಾತ್ರ ಬರುವುದಿಲ್ಲ. ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಕಲಿತವರ ಮಾತು ಬೇರೆ. ಉಳಿದವರಿಗೆ ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ತೆಲುಗು ಇರುತ್ತವೆ. ತೆಲಂಗಾಣದ 2018ರ ಕಾನೂನಿನಂತೆ ತೆಲುಗು ಕಲಿಯುವುದು ಕಡ್ಡಾಯವೂ ಹೌದು. ಇಷ್ಟೆಲ್ಲದರ ಮೇಲೆ ಕನ್ನಡ ಅಕ್ಷರವನ್ನೂ ಹೇರುವುದೇಕೆ ಎಂದು ಅಪ್ಪ ಅಮ್ಮ ಸುಮ್ಮನಾಗುತ್ತಾರೆ. ಆದರೆ ತೆಲುಗು ಓದಬಲ್ಲ ಮಗು ಕನ್ನಡದ ಓದಿಗೆ ಮುಕ್ಕಾಲು ದಾರಿ ಬಂದಾಗಿದೆ. ಉಳಿದ ಕಾಲು ದಾರಿಗೆ ಕಥೆ ಪುಸ್ತಕವೇ ಸಾಕು, ಅ ಆ ಇ ಈ ತಿದ್ದಿಸುವುದರಿಂದ ಶುರು ಮಾಡಬೇಕಿಲ್ಲ.

ಎರಡೂ ಭಾಷೆಗಳಿಗೆ ಶತಮಾನಗಳ ಕಾಲ ಹೆಚ್ಚುಕಡಿಮೆ ಒಂದೇ ಲಿಪಿಯಿತ್ತು. ನಿಧಾನವಾಗಿ ಬೇರೆಯಾಗುತ್ತ ಬಂದ ರೂಪಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚುಮೊಳೆ ಬಂದಾಗ ಗಟ್ಟಿಯಾಗಿ ನಿಂತವು. ಹಾಗಾಗಿ ಅ, ಆ, ಇ, ಗ, ಜ, ಡ, ದ, ಬ, ರ, ಲ ಇವನ್ನು ತೆಲುಗು ಬಲ್ಲ ಮಗು ಯಾರೂ ಹೇಳಿಕೊಡದೆ ಗುರುತಿಸುತ್ತದೆ. ತಲೆಕಟ್ಟು ತೆಲುಗಿನಲ್ಲಿ ಸರಿ ಗುರುತಿನಂತೆ ಓರೆಯಾಗಿ ಮೇಲಕ್ಕೆ ಏಳುತ್ತದೆ, ಕನ್ನಡದಲ್ಲಿ ಅಡ್ಡಕ್ಕೆ ಮಲಗುತ್ತದೆ. ಇದನ್ನು ಒಮ್ಮೆ ಬೆರಳಿಟ್ಟು ತೋರಿಸಿದರೆ ಅರ್ಧ ಪುಟದ ಅಪರಿಚಿತತೆ ಹೋಗುತ್ತದೆ.

ಮಗು ತಡವರಿಸುವ ಜಾಗಗಳು ಕೆಲವೇ. ಕ, ತ, ಶ, ಹ ಅಕ್ಷರಗಳ ರೂಪ ಬೇರೆಯಾಗಿದೆ, ಇವನ್ನು ಕಲಿಸಲೇಬೇಕು. ಎರಡನೆಯದು ದೀರ್ಘ. ತೆಲುಗಿನಲ್ಲಿ ‘ಕೀ’, ‘ಕೇ’ಗಳ ದೀರ್ಘ ಅಕ್ಷರದ ತಲೆಯ ಮೇಲೆಯೇ ಕೂಡಿಕೊಂಡಿರುತ್ತದೆ, ನಮ್ಮಲ್ಲಿ ಅದು ಬಲಕ್ಕೆ ಬೇರೆಯಾಗಿ ನಿಲ್ಲುತ್ತದೆ. ಮಗು ಅದನ್ನು ಇನ್ನೊಂದು ಅಕ್ಷರವೆಂದುಕೊಂಡು ನಿಂತುಬಿಡುತ್ತದೆ. ಮೂರನೆಯದು, ಎಲ್ಲಕ್ಕಿಂತ ತೊಡಕಿನದು, ಅರ್ಕಾವತ್ತು. ‘ಸೂರ್ಯ’ ಎಂದು ಬರೆಯುವಾಗ ತೆಲುಗಿನಲ್ಲಿ ರ ದೊಡ್ಡದಾಗಿ ಬಂದು ಯ ಅದರ ಒತ್ತಾಗುತ್ತದೆ; ಕನ್ನಡದಲ್ಲಿ ಯ ಮೊದಲು ಬಂದು ಅರ್ಕಾವತ್ತು ಅದರ ಹಿಂದೆ ಕೂರುತ್ತದೆ. ಕಿವಿಗೆ ಮೊದಲು ಕೇಳುವುದು ಕಣ್ಣಿಗೆ ಆಮೇಲೆ ಕಾಣುತ್ತದೆ. ಕನ್ನಡದ ಮಕ್ಕಳೇ ಇಲ್ಲಿ ಎಡವುತ್ತಾರೆ. ಸೂರ್ಯ, ಕಾರ್ಯ, ವರ್ಷ, ಮಾರ್ಗ ಎಂದು ನಾಲ್ಕಾರು ಪದಗಳನ್ನು ಗಟ್ಟಿಯಾಗಿ ಓದಿಸಿ, ಆತುರ ಬೇಡ.

ಇನ್ನು ಪುಸ್ತಕ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಎಂಬ ಅಂತರ್ಜಾಲ ಗ್ರಂಥಾಲಯ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಒಂದೇ ಕಥೆ, ಅದೇ ಚಿತ್ರಗಳೊಂದಿಗೆ, ಹಲವು ಭಾಷೆಗಳಲ್ಲಿ ಸಿಗುತ್ತದೆ. ತೆಲುಗಿನಲ್ಲೂ ಕನ್ನಡದಲ್ಲೂ ಇರುವ ಕಥೆಯೊಂದನ್ನು ಹುಡುಕಿ, ಎರಡನ್ನೂ ಪಿಡಿಎಫ್ ಮಾಡಿ ಇಳಿಸಿಕೊಂಡು ಅಚ್ಚು ಹಾಕಿಸಿ. ಮಗು ಮೊದಲು ತೆಲುಗಿನದನ್ನು ತಾನೇ ಓದಲಿ. ಆಮೇಲೆ ಕನ್ನಡದ್ದನ್ನು ಪಕ್ಕದಲ್ಲಿಡಿ. ಕಥೆ ಗೊತ್ತಿದೆ, ಚಿತ್ರ ಗೊತ್ತಿದೆ, ಕನ್ನಡದ ಮಾತು ಮನೆಯಲ್ಲೇ ಇದೆ. ಹೊಸದಾಗಿ ಉಳಿಯುವುದು ಅಕ್ಷರವೊಂದೇ.

ಅಲ್ಲಿನ ಪುಸ್ತಕಗಳಿಗೆ ಹಂತಗಳಿವೆ: ಒಂದನೆಯ ಹಂತದ್ದು 250 ಪದದೊಳಗೆ, ಎರಡನೆಯದು 600ರೊಳಗೆ, ಮೂರನೆಯದು 1,500ರೊಳಗೆ. ಹತ್ತು ವರ್ಷದ ಮಗುವಾದರೂ ಒಂದನೆಯ ಹಂತದಿಂದಲೇ ಶುರು ಮಾಡಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಅಚ್ಚು ಹಾಕಿಸಲು, ಹಂಚಲು, ಅನುವಾದಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಬರೆದವರ, ಚಿತ್ರ ಬಿಡಿಸಿದವರ ಹೆಸರಿರುವ ಪುಟವನ್ನು ಮಾತ್ರ ಬಿಡಬಾರದು. ತೆಲುಗಿನಲ್ಲಿದ್ದು ಕನ್ನಡದಲ್ಲಿ ಇಲ್ಲದ ಕಥೆಯನ್ನು ನೀವೇ ಕನ್ನಡಕ್ಕೆ ತಂದು ಅಲ್ಲಿ ಸೇರಿಸಬಹುದು. ಎರಡೂ ಭಾಷೆ ಬಲ್ಲ ಹೈದರಾಬಾದಿನ ಕನ್ನಡಿಗರಿಗಿಂತ ಇದಕ್ಕೆ ತಕ್ಕವರು ಯಾರಿದ್ದಾರೆ?

ಒಂದೇ ಚಿತ್ರಕ್ಕೆ ಹಲವು ಭಾಷೆ ಕೂಡಿಸುವುದು ಹಳೆಯ ಜಾಣತನ. 1947ರಲ್ಲಿ ತೆಲುಗು, ತಮಿಳಿನಲ್ಲಿ ಹೊರಟ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೂ ಬಂದದ್ದು ಹಾಗೆಯೇ. ಬಣ್ಣದ ಪುಸ್ತಕ ಅಚ್ಚಾಗುವುದು ನೀಲಿ, ಕೆಂಪು, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದ, ಒಂದೊಂದಕ್ಕೆ ಒಂದೊಂದು ಪ್ಲೇಟ್. ಅಕ್ಷರವೆಲ್ಲ ಕಪ್ಪಿನಲ್ಲೇ ಇದ್ದರೆ ಭಾಷೆ ಬದಲಾದಾಗ ಕಪ್ಪು ಪ್ಲೇಟೊಂದನ್ನೇ ಬದಲಿಸಿದರಾಯಿತು. ಹಲವು ಭಾಷೆಗಳಲ್ಲಿ ಬರುವ ಚಿತ್ರಪುಸ್ತಕಗಳ ಬೆಲೆ ತಗ್ಗಲು ಇದೂ ಒಂದು ಕಾರಣ.

ಕಲಬುರಗಿ, ಬೀದರ, ರಾಯಚೂರು ಕಡೆಯ ಮನೆಗಳಿಗೆ ಒಂದು ಕಿವಿಮಾತು. ಮನೆಯಲ್ಲಿ ಆಡುವ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಅಂತರವಿದೆ. ಮಗು ‘ಹೋಗುತ್ತಾನೆ’ ಎಂದಿರುವುದನ್ನು ‘ಹೋಗ್ತಾನ’ ಎಂದು ಓದಿದರೆ ತಿದ್ದಬೇಡಿ. ಅದಕ್ಕೆ ಅರ್ಥವಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಅಜ್ಜಿಯೋ ಅಜ್ಜನೋ ದಿನಾ ರಾತ್ರಿ ಹದಿನೈದು ನಿಮಿಷ ಗಟ್ಟಿಯಾಗಿ ಓದಿ ಹೇಳಿದರೆ ಪುಸ್ತಕದ ಮಾತು ತಾನಾಗಿ ಕಿವಿಗೆ ಹತ್ತುತ್ತದೆ.

ಅಕ್ಷರ ಕೂಡಿ ಬಂದ ಮೇಲೆ ಅನುವಾದದಲ್ಲೇ ನಿಲ್ಲಬೇಡಿ. ಕನ್ನಡದಲ್ಲಿ ಈಗ ಮಕ್ಕಳಿಗಾಗಿ ಒಳ್ಳೆಯದನ್ನು ಬರೆಯುವವರಿದ್ದಾರೆ. ಆರಿಸಿಕೊಳ್ಳಲು ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿ ಒಳ್ಳೆಯ ಆಸರೆ: 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’. ಇವು ಹೈದರಾಬಾದಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವಂಥವಲ್ಲ. ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕಗಳಿಗೆಂದೇ ‘ಜ್ಞಾನ ಪೋಸ್ಟ್’ ಶುರು ಮಾಡಿದೆ. ಆರಂಭದ ದರದಂತೆ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಊರಿನಲ್ಲಿರುವ ಅತ್ತೆ, ಮಾವ, ಚಿಕ್ಕಪ್ಪಂದಿರಲ್ಲಿ ನನ್ನದೊಂದು ಕೋರಿಕೆ: ಈ ಸಲ ಮಗುವಿನ ಹುಟ್ಟುಹಬ್ಬಕ್ಕೆ ಬಟ್ಟೆಯ ಜೊತೆಗೆ ಒಂದು ಕನ್ನಡ ಕಥೆ ಪುಸ್ತಕವನ್ನೂ ಕಳಿಸಿ.