ಜ್ವರ ಬಿಟ್ಟರೂ ಬಿಡದ ಸುಸ್ತು

ಜ್ವರ ಇಳಿದರೆ ಕಾಯಿಲೆ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ಎಲ್ಲ ಸೋಂಕುಗಳೂ ಹಾಗೆ ಹೇಳದೆ ಕೇಳದೆ ಹೊರಟುಹೋಗುವುದಿಲ್ಲ. 2006ರಲ್ಲಿ ಕರ್ನಾಟಕವನ್ನು ಕಾಡಿದ ಚಿಕೂನ್‌ಗುನ್ಯ ನೆನಪಿದೆಯಲ್ಲವೇ? ಜ್ವರ ಕೆಲವೇ ದಿನಗಳಲ್ಲಿ ಬಿಟ್ಟರೂ ಕೀಲುನೋವು ಹಲವರನ್ನು ತಿಂಗಳುಗಟ್ಟಲೆ ಬಿಡಲಿಲ್ಲ.

ಚಿಕೂನ್‌ಗುನ್ಯ ಬಂದವರ ಕುಂಟುನಡಿಗೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಕಣ್ಣಿಗೆ ಕಾಣದ ಬಾಧೆಯಾದರೆ ಅದನ್ನು ನಂಬುವವರು ಯಾರು? 2020ರಲ್ಲಿ ಕೋವಿಡ್ ಬಂದಾಗ ಲಕ್ಷಾಂತರ ಜನರಿಗೆ ಈ ಪ್ರಶ್ನೆ ಎದುರಾಯಿತು. ಸೌಮ್ಯ ಸೋಂಕಾದರೆ ಎರಡು ವಾರಗಳಲ್ಲಿ ವಾಸಿ ಎಂಬುದು ಅಂದಿನ ತಿಳಿವಳಿಕೆ. ಆದರೆ ಕೆಲವರಿಗೆ ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುತ್ತಿತ್ತು, ಓದಿದ ಸಾಲು ಮರುಗಳಿಗೆಗೆ ಮರೆಯುತ್ತಿತ್ತು. ಸಾಮಾನ್ಯ ಪರೀಕ್ಷೆಗಳಲ್ಲಿ ಮಾತ್ರ ಏನೂ ಕಾಣುತ್ತಿರಲಿಲ್ಲ. 'ಎಲ್ಲ ಮನಸ್ಸಿನ ಭ್ರಮೆ' ಎಂಬ ಮಾತನ್ನು ಹಲವು ದೇಶಗಳ ರೋಗಿಗಳು ಕೇಳಬೇಕಾಯಿತು.

ರೋಗಗಳಿಗೆ ಹೆಸರಿಡುವವರು ಸಾಮಾನ್ಯವಾಗಿ ವೈದ್ಯರು. ಇಲ್ಲಿ ರೋಗಿಗಳೇ ಹೆಸರಿಟ್ಟರು. ಸ್ವತಃ ಬಳಲುತ್ತಿದ್ದ ಇಟಲಿಯ ಪುರಾತತ್ವ ತಜ್ಞೆ ಎಲಿಸಾ ಪೆರೆಗೊ 2020ರ ಮೇ ತಿಂಗಳಲ್ಲಿ 'ಲಾಂಗ್ ಕೋವಿಡ್' ಎಂಬ ಪದ ಬಳಸಿದರು. ದೀರ್ಘಕಾಲ ಉಳಿಯುವ ಕೋವಿಡ್ ಎಂದು ಅದರ ಅರ್ಥ. ಚದುರಿಹೋಗಿದ್ದ ರೋಗಿಗಳು ಆ ಹೆಸರಿನಡಿ ಒಂದಾದರು.

ಅಮೆರಿಕದಲ್ಲಿ ಹುಟ್ಟಿದ ಒಂದು ಬೆಂಬಲ ಗುಂಪಿನ ಸದಸ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಂಶೋಧನೆ ಬಲ್ಲ ರೋಗಿಗಳು ಸೇರಿ ತಾವೇ ಪ್ರಶ್ನಾವಳಿ ಸಿದ್ಧಪಡಿಸಿದರು. 56 ದೇಶಗಳ 3,762 ಮಂದಿಯ ಉತ್ತರಗಳನ್ನು ಆಧರಿಸಿದ ಅವರ ಪ್ರಬಂಧ 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ದಾಖಲಾದ ಲಕ್ಷಣಗಳು 203! ಶ್ರಮಪಟ್ಟ ನಂತರ ಬಾಧೆ ಹೆಚ್ಚುತ್ತದೆ ಎಂದು ಬಹುಪಾಲು ಜನ ತಿಳಿಸಿದ್ದರು.

ವಿದ್ಯಾರ್ಥಿಗಳು ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಇಂಥ ಸಮೀಕ್ಷೆಗೆ ಉತ್ತರಿಸುವವರು ಬಹುತೇಕ ಬಳಲುತ್ತಿರುವವರೇ. ಆದ್ದರಿಂದ ಕೋವಿಡ್ ಬಂದ ನೂರು ಜನರಲ್ಲಿ ಎಷ್ಟು ಮಂದಿಗೆ ಹೀಗಾಗುತ್ತದೆ ಎಂಬುದು ಇದರಿಂದ ತಿಳಿಯದು. ಬಾಧೆ ಎಂಥದ್ದು ಎಂಬುದು ತಿಳಿಯುತ್ತದೆ, ವೈದ್ಯರು ಏನನ್ನು ಹುಡುಕಬೇಕೆಂಬ ಸುಳಿವೂ ಸಿಗುತ್ತದೆ. 2021ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕಾಯಿಲೆಗೆ ವ್ಯಾಖ್ಯೆ ರೂಪಿಸಿದಾಗ ರೋಗಿಗಳ ಅಭಿಪ್ರಾಯವನ್ನೂ ಪಡೆಯಿತು.

ಈ ಹೋರಾಟಕ್ಕೆ ಹಿಂದಿನವರು ಹಾಕಿದ ದಾರಿಯೂ ಇತ್ತು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿ ವಿಚಿತ್ರ ಕಾಯಿಲೆಗೆ ತುತ್ತಾದರು. ಹಲವರ ಸುಸ್ತು ಬಹುಕಾಲ ಉಳಿಯಿತು. ಇಂಥ ಕಾಯಿಲೆಗೆ 'ಎಂ.ಇ.' ಎಂಬ ಹೆಸರು ಬಂತು. ಆದರೆ 1970ರಲ್ಲಿ ಇಬ್ಬರು ಮನೋವೈದ್ಯರು ಅದನ್ನು ಸಾಮೂಹಿಕ ಉನ್ಮಾದ ಎಂದು ಕರೆದರು. ರೋಗಿಗಳ ಸಂಘಟನೆಗಳು ದಶಕಗಳ ಕಾಲ ಇದನ್ನು ವಿರೋಧಿಸಿದವು. ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆಯಿಂದ ತಮಗೆ ಕೆಡುಕಾಗುತ್ತಿದೆ ಎಂದೂ ಅನೇಕರು ಹೇಳುತ್ತಲೇ ಬಂದರು. ಕೊನೆಗೆ 2021ರಲ್ಲಿ ಬ್ರಿಟನ್ನಿನ 'ನೈಸ್' ಸಂಸ್ಥೆ ಎಂ.ಇ. ರೋಗಿಗಳಿಗೆ ಆ ಚಿಕಿತ್ಸೆ ಬೇಡವೆಂದು ಮಾರ್ಗಸೂಚಿ ಬದಲಿಸಿತು.

ಈ ಹಳೆಯ ರೋಗಿಗಳು ಹೊಸಬರಿಗೆ ಕಲಿಸಿದ ಉಪಾಯ ನಮ್ಮ ಗಾದೆಯಲ್ಲೇ ಇದೆ: ಹಾಸಿಗೆ ಇದ್ದಷ್ಟು ಕಾಲು ಚಾಚು. ದಿನದ ಶಕ್ತಿಯನ್ನು ಅಳೆದು ಬಳಸಬೇಕು, ಸುಸ್ತು ಹೆಚ್ಚುವ ಮೊದಲೇ ವಿರಮಿಸಬೇಕು.

ವೈರಸ್ಸಿನ ಅಂಶ ದೇಹದಲ್ಲಿ ಉಳಿಯುವುದೇ, ರೋಗನಿರೋಧಕ ವ್ಯವಸ್ಥೆ ಹಳಿ ತಪ್ಪುವುದೇ ಎಂಬ ಬಗ್ಗೆ ಸಂಶೋಧನೆ ನಡೆದಿದೆ. ಲಾಂಗ್ ಕೋವಿಡ್ ಅನ್ನು ಖಚಿತವಾಗಿ ಪತ್ತೆಹಚ್ಚುವ ಒಂದೇ ಪರೀಕ್ಷೆ ಎಂಬುದಿಲ್ಲ. ಆದ್ದರಿಂದ ರೋಗಿಯ ಮಾತೇ ಮೊದಲ ಸಾಕ್ಷಿ.

ಮಕ್ಕಳಿಗೂ ಇದು ಬರಬಹುದು. ಜ್ವರ ಬಿಟ್ಟು ವಾರಗಳಾದರೂ ಮಗು ಆಟ, ಪಾಠ ಬಿಟ್ಟು ಮಲಗಿದರೆ ಸೋಮಾರಿ ಎಂದು ಬೈಯುವುದು ಬೇಡ. ಯಾವ ದಿನ ಏನು ಮಾಡಿದಾಗ ಸುಸ್ತು ಹೆಚ್ಚಿತೆಂದು ಬರೆದಿಟ್ಟು ವೈದ್ಯರಿಗೆ ತೋರಿಸಿ. ರಕ್ತಹೀನತೆಯಂತಹ ಬೇರೆ ಕಾರಣವಿದ್ದರೆ ಅವರು ಪತ್ತೆಹಚ್ಚುತ್ತಾರೆ. ಶಾಲೆಗೂ ವಿಷಯ ತಿಳಿಸಿ. ತರಗತಿಯ ಗೆಳೆಯರು ಅಂದಂದಿನ ಪಾಠದ ಟಿಪ್ಪಣಿ ಮನೆಗೆ ತಂದುಕೊಟ್ಟರೆ ಆ ಮಗುವಿಗೆ ಅದೂ ದೊಡ್ಡ ಆಸರೆಯೇ.