ಬಾಯಾರಿದ ನದಿ: ಸ್ವರಾತ್ಮ ತಂಡದ ಹಾಡುಗಳಲ್ಲಿ ಸಾಮಾಜಿಕ ಪ್ರಜ್ಞೆ

ಕನ್ನಡದಲ್ಲಿ ಪ್ರತಿರೋಧದ ಹಾಡುಗಳನ್ನು ಕುರಿತ ಚರ್ಚೆ ಬಹುಮಟ್ಟಿಗೆ ದಲಿತ-ಬಂಡಾಯ ಘಟ್ಟಕ್ಕೆ ಬಂದು ನಿಲ್ಲುತ್ತದೆ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾದದ್ದು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡದ್ದು, ಸಮುದಾಯದ ಜಾಥಾಗಳು ಊರೂರು ಸುತ್ತಿದ್ದು ಈ ಚರಿತ್ರೆಯ ಪರಿಚಿತ ಗುರುತುಗಳು. ಅನಂತರದ ಕಾಲದಲ್ಲಿ ನಗರದ ಯುವಕರು ಗಿಟಾರು, ಡ್ರಮ್ಮುಗಳೊಂದಿಗೆ ಕಟ್ಟಿದ ಹಾಡುಗಳು ನಮ್ಮ ಅಧ್ಯಯನದ ಹೊರಗೇ ಉಳಿದಿವೆ. ಅವು ಪಾಶ್ಚಾತ್ಯ ಅನುಕರಣೆ ಎಂಬ ತೀರ್ಮಾನ ಒಂದು ಕಾರಣ. ಅವುಗಳಲ್ಲಿ ಅನೇಕವು ಕನ್ನಡದಲ್ಲಿಲ್ಲ ಎಂಬುದು ಇನ್ನೊಂದು. ಈ ಎರಡನೆಯ ಕಾರಣವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಬೆಂಗಳೂರಿನ ಸ್ವರಾತ್ಮ ತಂಡ ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿದೆ. ವಾಸು ದೀಕ್ಷಿತ್ ಪ್ರಧಾನ ಗಾಯಕರಾಗಿರುವ ಈ ತಂಡ ಸಿನಿಮಾದ ಆಶ್ರಯವಿಲ್ಲದೆ ತನ್ನದೇ ಸಾಹಿತ್ಯ, ತನ್ನದೇ ಮಟ್ಟುಗಳನ್ನು ಹಾಡುತ್ತ ಬಂದಿದೆ. ‘ಸ್ವತಂತ್ರ’ ಎಂಬ ವಿಶೇಷಣಕ್ಕೆ ಇಲ್ಲಿರುವ ಅರ್ಥ ಇಷ್ಟೇ. ತಂಡದ ಹೆಸರನ್ನೇ ಹೊತ್ತ ಮೊದಲ ಧ್ವನಿಮುದ್ರಿಕೆ 2009ರಲ್ಲಿ ಹೊರಬಂದಿತು. ಅದರಲ್ಲಿ ‘ಈ ಭೂಮಿ’ ಎಂಬ ಕನ್ನಡ ಹಾಡಿದೆ. ಆದರೆ ಹೆಚ್ಚು ವಿವೇಚನೆಯನ್ನು ಬೇಡುವುದು ಕಾವೇರಿಯನ್ನು ಕುರಿತ ‘ಪ್ಯಾಸಿ’ ಎಂಬ ಹಿಂದಿ ಹಾಡು.

ಶೀರ್ಷಿಕೆ ಸ್ತ್ರೀಲಿಂಗದಲ್ಲಿದೆ ಎಂಬುದನ್ನು ಗಮನಿಸಬೇಕು. ಬಾಯಾರಿದವಳು ಇಲ್ಲಿ ಸ್ವತಃ ನದಿ. ಕಾವೇರಿ ವಿವಾದದ ಸಾರ್ವಜನಿಕ ಭಾಷೆಯಲ್ಲಿ ದಾಹ ಯಾವಾಗಲೂ ರಾಜ್ಯಗಳದು, ರೈತರದು, ನಗರಗಳದು. ನದಿಗೆ ಅಲ್ಲಿರುವುದು ತಾಯಿಯ ಪಟ್ಟ ಮಾತ್ರ, ತಾಯಿಗೆ ಬಾಯಾರುವುದಿಲ್ಲ. ಹಾಡು ಬರುವ ಎರಡು ವರ್ಷಗಳ ಮೊದಲು, 2007ರ ಫೆಬ್ರುವರಿಯಲ್ಲಿ, ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಹೊರಬಿದ್ದಿತ್ತು. ಒಟ್ಟು 740 ಟಿ.ಎಂ.ಸಿ. ನೀರಿನಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಪರಿಸರ ರಕ್ಷಣೆಗೆಂದು ಮೀಸಲಾದದ್ದು 10. ಅನಿವಾರ್ಯವಾಗಿ ಕಡಲಿಗೆ ಹರಿದುಹೋಗುವುದೆಂದು ಲೆಕ್ಕಹಾಕಿದ್ದು 4. ನೂರಕ್ಕೆ ಎರಡರಷ್ಟೂ ಇಲ್ಲದ ಈ ಭಾಗವೇ ನದಿಯ ಪಾಲು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕಕ್ಕೆ ಹೆಚ್ಚುವರಿಯಾಗಿ 14.75 ಟಿ.ಎಂ.ಸಿ. ನೀಡಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ನದಿಯೇ ಬಾಯಾರಿದ್ದಾಳೆಂಬ ಕಲ್ಪನೆಯನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದಾಗ ಅದು ಬರಿಯ ಅಲಂಕಾರವೆನಿಸುವುದಿಲ್ಲ.

ಈ ಹಾಡಿಗೆ ಬೆಂಗಳೂರಿನಲ್ಲೇ ಒಂದು ಭೌತಿಕ ಹಿನ್ನೆಲೆಯಿದೆ. ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಒಂದು ಕಾಲದಲ್ಲಿ ಪೇಟೆಗೆ ನೀರುಣಿಸುತ್ತಿದ್ದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ತನ್ನ ಕೆರೆಗಳನ್ನು ಬತ್ತಿಸಿಕೊಂಡ ನಗರ 1974ರಿಂದ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪುಗಳಿಂದ ಎತ್ತಿ ತರಿಸಿಕೊಂಡು ಕುಡಿಯುತ್ತಿದೆ. ಕಾವೇರಿಗಾಗಿ ಬಂದ್ ನಡೆದಾಗ ಮೊದಲು ಬರಿದಾಗುವುದೂ ಇದೇ ನಿಲ್ದಾಣ. 1991ರ ಡಿಸೆಂಬರಿನಲ್ಲಿ, ಮತ್ತೆ 2016ರ ಸೆಪ್ಟೆಂಬರಿನಲ್ಲಿ ನಗರ ಹಿಂಸೆಯನ್ನು ಕಂಡಿತು. ಕೆರೆಯ ಅಂಗಳದಲ್ಲಿ ನಿಂತು ನದಿಗಾಗಿ ಕೂಗುವ ಈ ವ್ಯಂಗ್ಯ ಘೋಷಣೆಗಳಿಗೆ ದಕ್ಕುವುದಿಲ್ಲ.

ಮೆಜೆಸ್ಟಿಕ್‌ಗೆ ಕೂಗಳತೆಯ ಶ್ರೀರಾಮಪುರದಲ್ಲಿ ಬೆಳೆದ ಸಿದ್ಧಲಿಂಗಯ್ಯನವರ ಹಾಡುಗಳಲ್ಲಿ ನೊಂದವರು ‘ನಾವು’ ಆಗಿ ಒಗ್ಗೂಡುತ್ತಾರೆ. ಕೇಳುಗನೂ ಆ ಸಮೂಹದೊಳಕ್ಕೆ ಬರುತ್ತಾನೆ. ಸ್ವರಾತ್ಮದ ಹಾಡಿನಲ್ಲಿ ಅಂಥ ‘ನಾವು’ ಸಾಧ್ಯವಾಗುವುದಿಲ್ಲ, ಏಕೆಂದರೆ ನೀರು ಕುಡಿಯುವ ಕೇಳುಗನೇ ಇಲ್ಲಿ ಆರೋಪಿ. ಕನ್ನಡದ ಕಿವಿಗೆ ಈ ಕ್ರಮ ಹೊಸದೇನಲ್ಲ. ಗೋವಿನ ಹಾಡಿನಲ್ಲಿ ಮನುಷ್ಯೇತರ ಜೀವವೊಂದು ಮಾತಾಡಿ ಹುಲಿಯನ್ನು ನಾಚಿಸುತ್ತದೆ. ‘ಕೆರೆಗೆ ಹಾರ’ದಲ್ಲಿ ಊರಿನ ನೀರಿಗೆ ತೆತ್ತ ಬೆಲೆ ಭಾಗೀರಥಿಯ ಜೀವ.

ಹಾಗಾದರೆ ಹಿಂದಿಯೇಕೆ? ಕನ್ನಡವನ್ನಾಗಲಿ ತಮಿಳನ್ನಾಗಲಿ ಆರಿಸಿದ್ದರೆ ನದಿ ಒಂದು ಪಕ್ಷದವಳಾಗುತ್ತಿದ್ದಳು ಎಂದು ಸಮರ್ಥಿಸಬಹುದು. ಅದು ಪೂರ್ಣ ಉತ್ತರವಲ್ಲ. ಹಿಂದಿ ದೇಶದ ವೇದಿಕೆಗಳ ಭಾಷೆ, ಮಾರುಕಟ್ಟೆಯ ಭಾಷೆ. ಮಂಡ್ಯದ ರೈತನಿಗೂ ತಂಜಾವೂರಿನ ರೈತನಿಗೂ ಅದು ಸಮಾನವಾಗಿ ದೂರ. ವಿವಾದದ ನಡುವೆ ಬದುಕುವವರನ್ನು ಬಿಟ್ಟು ಹಾಡು ನದಿಯ ಪರವಾಗಿ ಮಾತಾಡುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಧ್ವನಿಮುದ್ರಿಕೆ ಶಿಶುನಾಳ ಷರೀಫರ ತತ್ವಪದಗಳನ್ನು ರಾಕ್ ವಾದ್ಯಗಳಿಗೆ ಒಗ್ಗಿಸಿ ಭಾಷೆಯ ಈ ತೊಡಕನ್ನು ದಾಟಿತ್ತು. ಆದರೆ ಅಲ್ಲಿನ ಕಾವ್ಯ ಹತ್ತೊಂಬತ್ತನೆಯ ಶತಮಾನದ್ದು. ವರ್ತಮಾನದ ಜಗಳಕ್ಕೆ ಹೊಸ ಸಾಹಿತ್ಯ ಬರೆಯುವ ಕಷ್ಟವನ್ನು ಸ್ವರಾತ್ಮ ಹೊತ್ತುಕೊಂಡಿತು.

ಕನ್ನಡ ಈ ತಂಡದಲ್ಲಿ ಇನ್ನೊಂದು ದಾರಿಯಿಂದ ಒಳಬಂದಿದೆ. ವಾಸು ದೀಕ್ಷಿತ್ ವೇದಿಕೆಯ ಮೇಲೆ ಸೊಂಟಕ್ಕೆ ಬೊಂಬೆ ಕುದುರೆ ಕಟ್ಟಿಕೊಂಡು ಕುಣಿದದ್ದನ್ನು ನೋಡಿದವರಿಗೆ ನಮ್ಮ ಜಾತ್ರೆಗಳ ಕೀಲುಕುದುರೆ ನೆನಪಾಗದಿರದು. 2012ರ ಎರಡನೆಯ ಧ್ವನಿಮುದ್ರಿಕೆಯ ಹೆಸರು ‘ಟೋಪಿವಾಲೆ’. ಹಿಂದಿಯಲ್ಲಿ ಅದು ಟೋಪಿ ತೊಟ್ಟ ರಾಜಕಾರಣಿಗಳನ್ನು ಸೂಚಿಸಿದರೆ, ಕನ್ನಡ ಬಲ್ಲವನಿಗೆ ‘ಟೋಪಿ ಹಾಕುವವರು’ ಎಂಬ ಅರ್ಥವೂ ತಾನಾಗಿ ಕೇಳಿಸುತ್ತದೆ. ಅದೇ ಧ್ವನಿಮುದ್ರಿಕೆಯ ‘ಘುಮ್’ ಎತ್ತಿಕೊಂಡ ವಸ್ತು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ. ಆ ವರ್ಷವೇ ಸಂಸತ್ತು ಪೋಕ್ಸೋ ಕಾಯಿದೆಯನ್ನು ಅಂಗೀಕರಿಸಿತು. ನಮ್ಮ ಹೋರಾಟದ ಹಾಡುಗಳು ಜಮೀನ್ದಾರನ ಬಾಗಿಲಲ್ಲಿ, ಸರ್ಕಾರದ ಬಾಗಿಲಲ್ಲಿ ನಿಂತು ಹಾಡಿದ್ದೇ ಹೆಚ್ಚು. ‘ಘುಮ್’ ಮನೆಯೊಳಗಿನ ಮುಚ್ಚಿದ ಕೋಣೆಯ ಮುಂದೆ ಬಂದು ನಿಲ್ಲುತ್ತದೆ.